ಹಳೇ ಪಿಕಪ್‌ಗೆ ಬೇರೆ ಗೇರ್‌ಬಾಕ್ಸ್ ಕೂರಿಸೋದು: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನದು 2009ರ ಬೊಲೆರೊ ಪಿಕಪ್, ಕೆಎ 07. ಮುಳಬಾಗಿಲು, ಶ್ರೀನಿವಾಸಪುರ ಕಡೆಯ ತೋಟಗಳಿಂದ ಕೋಲಾರದ ಎಪಿಎಂಸಿಗೆ ಟೊಮೆಟೊ ಹೊಡೆಯುವುದು ಅದರ ಕೆಲಸ. ಮಾವಿನ ಕಾಲದಲ್ಲಿ ಮಾವು, ಏನೂ ಇಲ್ಲದಿದ್ದರೆ ಮದುವೆ ಮನೆ ಪಾತ್ರೆ. ಈ ಗಾಡಿಗೆ ಒಂದೇ ವಾರದಲ್ಲಿ ಎರಡು ಸಲ ಗೇರ್‌ಬಾಕ್ಸ್ ಏರಿಸಿದ್ದೇನೆ. ಯಾಕೆ ಎರಡು ಸಲ ಅನ್ನುವುದು ಕೆಳಗೆ ಬರುತ್ತದೆ. ಅವತ್ತಿನಿಂದ ಸುತ್ತಮುತ್ತ ಯಾರ ಗಾಡಿಯ ಗೇರು ಕೆಟ್ಟರೂ ನನಗೇ ಫೋನು ಬರುತ್ತದೆ, ಕೇಳುವುದು ಹೆಚ್ಚು ಕಡಿಮೆ ಇದೇ ಪ್ರಶ್ನೆಗಳು. ನಾನು ಮೆಕ್ಯಾನಿಕ್ ಅಲ್ಲ. ಗಾಡಿ ಕೆಳಗೆ ಮಲಗಿ ಕಲಿತವನು ಅಷ್ಟೇ.

ಗೇರ್ ಹಾಕಿದರೆ ಕರ್ ಅನ್ನುತ್ತದೆ. ಬಾಕ್ಸ್ ಹೋಯಿತಾ?

ತಡೀರಿ. ಅರ್ಧಕ್ಕರ್ಧ ಸಲ ಅದು ಕ್ಲಚ್ಚು, ಬಾಕ್ಸ್ ಅಲ್ಲ. ಗಾಡಿ ನಿಲ್ಲಿಸಿ, ಎಂಜಿನ್ ಓಡುತ್ತಿರಲಿ. ಕ್ಲಚ್ ಪೂರ್ತಿ ಒತ್ತಿ ಮನಸ್ಸಿನಲ್ಲೇ ಐದು ಎಣಿಸಿ, ಆಮೇಲೆ ರಿವರ್ಸ್ ಹಾಕಿ. ಆಗಲೂ ಹಲ್ಲು ಕಡಿದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ ಅರ್ಥ. ಪೆಡಲ್ ಕೆಳಗಿನ ಸಿಲಿಂಡರ್, ಬಾಕ್ಸ್ ಪಕ್ಕದ ಸಿಲಿಂಡರ್, ಕ್ಲಚ್ ಎಣ್ಣೆ ಮಟ್ಟ, ಅದರ ಪೈಪಿನಲ್ಲಿ ಗಾಳಿ, ಇವನ್ನೆಲ್ಲ ಮೊದಲು ನೋಡಿ. ಇದು ನೂರಿನ್ನೂರು ರೂಪಾಯಿಯ ವಾಷರ್ ಕಿಟ್‌ನಲ್ಲಿ ಮುಗಿಯುವ ಕೆಲಸವೂ ಆಗಿರಬಹುದು.

ರಿವರ್ಸ್ ಸಲೀಸಾಗಿ ಬಿದ್ದು, ಎರಡನೇ ಗೇರಿಗೆ ಹೋಗುವಾಗ ಮಾತ್ರ ಕರ್ ಅಂದರೆ ಆ ಗೇರಿನ ಸಿಂಕ್ರೊ ರಿಂಗ್, ಅಂದರೆ ಗೇರು ಬೀಳುವ ಮುಂಚೆ ವೇಗ ಹೊಂದಿಸುವ ಉಂಗುರ, ಸವೆದಿದೆ. ಅದು ಬಾಕ್ಸಿನೊಳಗಿನ ವಿಷಯ.

ಇಳಿಜಾರಿನಲ್ಲಿ ಗೇರ್ ತಾನಾಗೇ ಎಗರುತ್ತದೆ. ಕೈಯಲ್ಲಿ ಹಿಡಿದುಕೊಂಡು ಓಡಿಸಬಹುದಲ್ವಾ?

ನಾನೂ ಹಾಗೇ ಓಡಿಸಿದೆ, ಮೂರು ತಿಂಗಳು. ಒಂದು ರಾತ್ರಿ ಪಲಮನೇರು ದಾಟಿ ಮೊಗಿಲಿ ಘಾಟ್ ಇಳಿಯುವಾಗ ಫುಲ್ ಲೋಡಿನಲ್ಲಿ ಮೂರನೇ ಗೇರ್ ಎಗರಿತು. ಗಾಡಿ ನ್ಯೂಟ್ರಲ್‌ಗೆ ಬಂದು ಮುಂದಕ್ಕೆ ಹಾರಿದ ಹಾಗಾಯಿತು. ಬರೀ ಬ್ರೇಕಿನ ಮೇಲೆ ಕೆಳಗೆ ಬರುವ ಹೊತ್ತಿಗೆ ಚಕ್ರಗಳಿಂದ ಸುಟ್ಟ ವಾಸನೆ. ಕ್ಲೀನರ್ ಹುಡುಗ ಪಾಪ ಅವತ್ತಿಂದ ಘಾಟ್ ಕಡೆ ಬರುವುದಿಲ್ಲ ಅನ್ನುತ್ತಾನೆ.

ಗೇರ್ ಎಗರಿದರೆ ಮೊದಲು ಎಂಜಿನ್ ಮತ್ತು ಬಾಕ್ಸಿನ ರಬ್ಬರ್ ಮೌಂಟ್ ನೋಡಿ. ಅವು ಹರಿದಿದ್ದರೆ ಆಕ್ಸಿಲರೇಟರ್ ಬಿಟ್ಟಾಗ ಇಡೀ ಬಾಕ್ಸ್ ಅಲುಗಿ ಲಿವರ್ ಎಳೆದ ಹಾಗಾಗುತ್ತದೆ. ಮೌಂಟ್ ಸರಿ ಇದ್ದರೆ ಒಳಗಿನ ಸ್ಪ್ರಿಂಗ್ ಅಥವಾ ಗೇರನ್ನು ಸರಿಸುವ ಫೋರ್ಕ್ ಕೆಟ್ಟಿದೆ, ಇಲ್ಲವೇ ಹಲ್ಲಿನ ತುದಿ ದುಂಡಗಾಗಿದೆ. ಕೈಯಲ್ಲಿ ಹಿಡಿದು ಓಡಿಸಿದರೆ ಫೋರ್ಕ್ ಇನ್ನೂ ಬೇಗ ಸವೆಯುತ್ತದೆ.

ಸದ್ದು ಕೇಳಿ ಯಾವುದು ಕೆಟ್ಟಿದೆ ಅಂತ ಹೇಳಬಹುದಾ?

ತಕ್ಕ ಮಟ್ಟಿಗೆ ಹೇಳಬಹುದು. ಗಾಡಿ ನಿಂತಿದೆ, ನ್ಯೂಟ್ರಲ್‌ನಲ್ಲಿದೆ, ಕ್ಲಚ್ ಮೇಲೆ ಕಾಲಿಲ್ಲ, ಗುರ್ ಅನ್ನುತ್ತಿದೆ. ಕ್ಲಚ್ ಒತ್ತಿದ ಕೂಡಲೇ ಸದ್ದು ನಿಂತರೆ ಬಾಕ್ಸಿನ ಮುಂದಿನ ಬೇರಿಂಗ್ ಅಥವಾ ಕೌಂಟರ್ ಶಾಫ್ಟ್ (ಬಾಕ್ಸಿನೊಳಗೆ ಪಕ್ಕದಲ್ಲಿ ಸುತ್ತುವ ಎರಡನೇ ಶಾಫ್ಟ್) ಬೇರಿಂಗ್. ಕ್ಲಚ್ ಒತ್ತಿದಾಗಲೇ ಸದ್ದು ಶುರುವಾದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್, ಕೆಲವು ಸಲ ಎಂಜಿನ್ ತುದಿಯಲ್ಲಿ ಬಾಕ್ಸಿನ ಶಾಫ್ಟ್ ಕೂರುವ ಪೈಲಟ್ ಬೇರಿಂಗ್.

ಇನ್ನೊಂದು ಚೆಂದದ ಗುರುತಿದೆ. ನಮ್ಮ ಪಿಕಪ್‌ಗಳ 5 ಗೇರಿನ ಬಾಕ್ಸಿನಲ್ಲಿ ಸಾಮಾನ್ಯವಾಗಿ ನಾಲ್ಕನೆಯದು ನೇರ ಗೇರು. ಎಂಜಿನ್ ಒಂದು ಸುತ್ತು ಸುತ್ತಿದರೆ ಹಿಂದಿನ ಶಾಫ್ಟೂ ಒಂದೇ ಸುತ್ತು. ಆಗ ಕೌಂಟರ್ ಶಾಫ್ಟ್ ಮೇಲೆ ಭಾರ ಬೀಳುವುದಿಲ್ಲ. ಹಾಗಾಗಿ ಉಳಿದೆಲ್ಲ ಗೇರಿನಲ್ಲಿ ಕೂಗಿ ನಾಲ್ಕರಲ್ಲಿ ಮಾತ್ರ ಗಾಡಿ ಸುಮ್ಮನಾದರೆ ಕೌಂಟರ್ ಶಾಫ್ಟಿನ ಬೇರಿಂಗ್ ಮುಗಿದಿದೆ ಅಂತ ತಿಳಿಯಿರಿ. ಒಂದೇ ಗೇರಿನಲ್ಲಿ ಕೂಗಿದರೆ ಆ ಗೇರಿನ ಹಲ್ಲು.

ರಿಪೇರಿ ಮಾಡಿಸಲಾ, ಬೇರೆ ಬಾಕ್ಸ್ ಹಾಕಲಾ?

ಎಣ್ಣೆ ಇಳಿಸಿದಾಗ ಅದೇ ಹೇಳುತ್ತದೆ. ನಮ್ಮ ಕಡೆಯ ಮೆಕ್ಯಾನಿಕ್ ಭಾಯ್ ಒಬ್ಬರು ಬೆರಳಿಗೆ ಎಣ್ಣೆ ಹಚ್ಚಿಕೊಂಡು ಹೆಬ್ಬೆರಳಿನ ಉಗುರಿನ ಮೇಲೆ ಉಜ್ಜಿ, ಶೆಡ್ಡಿನಿಂದ ಹೊರಗೆ ಬಂದು ಬಿಸಿಲಿಗೆ ಹಿಡಿಯುತ್ತಾರೆ. ಬೂದು ಬಣ್ಣದ ನುಣ್ಣನೆ ಪುಡಿ ಇದ್ದರೆ ವಯಸ್ಸಿನ ಸವೆತ. ಬಂಗಾರದ ಪುಡಿ ಥರ ಹೊಳೆದರೆ ಹಿತ್ತಾಳೆ, ಅಂದರೆ ಸಿಂಕ್ರೊ ರಿಂಗ್. ಉಗುರಿಗೆ ಚುಚ್ಚುವ ಚೂರು ಸಿಕ್ಕರೆ ಹಲ್ಲು ಅಥವಾ ಬೇರಿಂಗ್ ಒಡೆದಿದೆ. ಹಾಲಿನ ಥರ ಇದ್ದರೆ ನೀರು ಹೊಕ್ಕಿದೆ.

ಬೇರಿಂಗ್, ಸಿಂಕ್ರೊ ಮಾತ್ರ ಅಂದರೆ ರಿಪೇರಿ ಮಾಡಿಸಿ, ಅದೇ ಒಳ್ಳೆಯದು. ಗೇರಿನ ಹಲ್ಲು ಒಡೆದು ಆ ಚೂರು ಬೇರೆ ಹಲ್ಲುಗಳ ನಡುವೆ ಸಿಕ್ಕಿ ಎರಡು ಮೂರು ಗೇರು ಹಾಳಾಗಿದ್ದರೆ, ಇಲ್ಲವೇ ಹೌಸಿಂಗ್, ಅಂದರೆ ಹೊರಗಿನ ಕವಚ, ಬಿರುಕು ಬಿಟ್ಟಿದ್ದರೆ, ಬೇರೆ ಬಾಕ್ಸೇ ಅಗ್ಗ.

ಬಾಕ್ಸ್ ಎಲ್ಲಿ ಸಿಗುತ್ತದೆ?

ಕೋಲಾರದಲ್ಲೇ ಹಳೇ ಗಾಡಿ ಒಡೆಯುವವರ ಹತ್ತಿರ ಒಂದೊಂದು ಸಲ ಸಿಗುತ್ತದೆ. ಇಲ್ಲದಿದ್ದರೆ 70 ಕಿಲೋಮೀಟರ್ ಬೆಂಗಳೂರು. ಹೊಸ ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಹಳೆಯದಕ್ಕೆ ಶಿವಾಜಿನಗರದ ಗುಜರಿ. ಗುಜರಿಗೆ ಬೆಳಗ್ಗೆಯೇ ಹೋಗಿ, ಮೆಕ್ಯಾನಿಕ್‌ನ ಜೊತೆಗೆ ಕರೆದುಕೊಂಡು ಹೋಗಿ. ಅವರ ಒಂದು ದಿನದ ಕೂಲಿ ಉಳಿಸಲು ಹೋದವರು ಏನೇನೋ ಹೊತ್ತುಕೊಂಡು ಬಂದಿದ್ದಾರೆ, ನಾನೂ ಸೇರಿ.

ಹೊಸ ಸಾಮಾನಿಗೆ ಬಿಲ್ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳಿಗೆ ಜಿಎಸ್‌ಟಿ 18 ಪರ್ಸೆಂಟ್, ಮೊದಲಿನ 28 ಅಲ್ಲ.

ಗುಜರಿಯಲ್ಲಿ ಬಾಕ್ಸ್ ನೋಡುವಾಗ ಏನೇನು ನೋಡಬೇಕು?

ಅಂಗಡಿಯವರು ಬಾಕ್ಸಿಗೆ ಬೆಳ್ಳಿ ಬಣ್ಣ ಹೊಡೆದಿದ್ದರೆ ನನಗೆ ಅನುಮಾನ ಜಾಸ್ತಿ. ಧೂಳು, ಜಿಡ್ಡು ಮೆತ್ತಿದ ಬಾಕ್ಸ್ ಸುಳ್ಳು ಹೇಳುವುದಿಲ್ಲ. ಬಣ್ಣದ ಕೆಳಗೆ ವೆಲ್ಡಿಂಗ್ ಗೆರೆ ಇದೆಯಾ ಅಂತ ಕಿವಿಗಳ ಹತ್ತಿರ, ಅಂದರೆ ಬೋಲ್ಟ್ ಕೂರುವ ಜಾಗದಲ್ಲಿ, ಉಗುರಿನಿಂದ ಕೆರೆದು ನೋಡಿ.

ಮುಂದಿನ ಶಾಫ್ಟ್ ಹಿಡಿದು ಅಲುಗಿಸಿ. ಸ್ವಲ್ಪ ಆಡುತ್ತದೆ, ಗಾಬರಿ ಬೇಡ. ಅದರ ಮೂತಿ ಎಂಜಿನ್ನಿನ ಪೈಲಟ್ ಬೇರಿಂಗ್‌ನಲ್ಲಿ ಕೂತ ಮೇಲೇ ಗಟ್ಟಿ ನಿಲ್ಲುವುದು. ಹಿಂದಿನ ಫ್ಲ್ಯಾಂಜ್ (ಹಿಂದಿನ ಚಕ್ರಗಳ ಕಡೆ ಹೋಗುವ ಶಾಫ್ಟ್ ಸೇರುವ ತಟ್ಟೆ) ಮಾತ್ರ ಮೇಲೆ ಕೆಳಗೆ ಆಡಬಾರದು. ಮುಂದಿನ ಶಾಫ್ಟಿನ ಉದ್ದಕ್ಕೆ ಕೊರೆದ ಸ್ಪ್ಲೈನ್ ಹಲ್ಲುಗಳ ಮೇಲೆ ಬೆರಳು ಆಡಿಸಿ, ಕ್ಲಚ್ ಪ್ಲೇಟ್ ಕೂರುವ ಕಡೆ ಮೆಟ್ಟಿಲಿನ ಥರ ತಗ್ಗು ಸಿಕ್ಕಿದರೆ ಆ ಶಾಫ್ಟ್ ಬೇಡ.

ಆಮೇಲೆ ಒಂದೊಂದೇ ಗೇರ್ ಹಾಕಿ ಕೈಯಲ್ಲಿ ತಿರುಗಿಸಿ. ಎಲ್ಲಾದರೂ ಒಂದೇ ಜಾಗದಲ್ಲಿ ಪ್ರತಿ ಸುತ್ತಿಗೂ ಟಕ್ ಅಂದರೆ ಅಲ್ಲೊಂದು ಹಲ್ಲು ಇಲ್ಲ. ಮೇಲಿನ ಕವರ್ ಬಿಚ್ಚಿ ಟಾರ್ಚ್ ಹಾಕಿ ನೋಡಲು ಕೇಳಿ. ಬಿಚ್ಚಲು ಬಿಡದಿದ್ದರೆ ಮುಂದಿನ ಅಂಗಡಿ. ಒಳಗೆ ನೀಲಿಗಟ್ಟಿದ ಗೇರ್ ಕಂಡರೆ ಎಣ್ಣೆ ಇಲ್ಲದೆ ಓಡಿದೆ.

ಗೇರ್ ಅನುಪಾತ ಕಂಡುಹಿಡಿಯಲು ಪುಸ್ತಕ ಬೇಡ, ಚಾಕ್‌ಪೀಸ್ ಸಾಕು. ಮುಂದಿನ ಶಾಫ್ಟಿಗೆ ಒಂದು ಗೆರೆ, ಹಿಂದಿನ ಫ್ಲ್ಯಾಂಜಿಗೆ ಒಂದು ಗೆರೆ. ಒಂದನೇ ಗೇರ್ ಹಾಕಿ, ಹಿಂದಿನದು ಒಂದು ಸುತ್ತು ಮುಗಿಸಲು ಮುಂದಿನದು ಎಷ್ಟು ಸುತ್ತಬೇಕು ಎಣಿಸಿ. ಹಳೇ ಬಾಕ್ಸಿನಲ್ಲೂ ಹೀಗೇ ಎಣಿಸಿಕೊಂಡು ಹೋಗಿರಿ. ಎರಡೂ ಒಂದೇ ಬಂದರೆ ಸರಿ. ಹೊಸದು ಕಡಿಮೆ ಸುತ್ತು ಬಂದರೆ ಲೋಡ್ ಹಾಕಿ ಏರು ಹತ್ತುವಾಗ ಗಾಡಿ ಮುಕ್ಕುತ್ತದೆ.

ಕೊನೆಗೆ, ವಾಪಸ್ ತೆಗೆದುಕೊಳ್ಳುತ್ತಾರಾ ಅನ್ನುವುದನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ ಎಲ್ಲರೂ ತೆಗೆದುಕೊಳ್ಳುತ್ತಾರೆ.

ಅದೇ ಕಂಪನಿ, ಅದೇ ಮಾಡೆಲ್. ಕೂರಲೇಬೇಕಲ್ವಾ?

ಇಲ್ಲೇ ನಾನು ಬಿದ್ದದ್ದು.

ಮಹೀಂದ್ರ ಗಾಡಿಗಳನ್ನೇ ತಗೊಳ್ಳಿ. ಹಳೇ ಜೀಪುಗಳಲ್ಲಿ ಕೆಎಂಟಿ 90 ಅನ್ನುವ 4 ಗೇರಿನ ಬಾಕ್ಸ್ ಇತ್ತು. ಆಮೇಲೆ 5 ಗೇರಿನವು ಬಂದವು, ಬಿಎ 10, ಎನ್‌ಜಿಟಿ 520, ಎನ್‌ಜಿಟಿ 530 ಅಂತ. ಒಂದೇ ಹೆಸರಿನ ಗಾಡಿ ವರ್ಷದಿಂದ ವರ್ಷಕ್ಕೆ ಒಳಗೆ ಬದಲಾಗಿರುತ್ತದೆ. ಹೊರಗಿನಿಂದ ಅಣ್ಣ ತಮ್ಮನ ಹಾಗೆ ಕಾಣುವ ಎರಡು ಬಾಕ್ಸಿನಲ್ಲಿ ಒಂದರ ಶಾಫ್ಟ್ ಮೂತಿ ದಪ್ಪ, ಒಂದರ ಸ್ಪ್ಲೈನ್ ಹಲ್ಲು ಬೇರೆ, ಒಂದರ ಫ್ಲ್ಯಾಂಜಿನ ತೂತು ಬೇರೆ ಕಡೆ.

ನಾನು ಮೊದಲು ತಂದ ಬಾಕ್ಸ್ ನೋಡಲು ಥೇಟ್ ನನ್ನದೇ. ಜುಲೈ ತಿಂಗಳು, ಟೊಮೆಟೊ ಸೀಸನ್. ತೋಟದಲ್ಲಿ ಹಣ್ಣು ಕೊಳೆಯುತ್ತಿದೆ ಅಂತ ಫೋನ್ ಮೇಲೆ ಫೋನು. ಅಳತೆ ನೋಡದೆ ಏರಿಸಿದೆವು. ಬಾಕ್ಸ್ ಎಂಜಿನ್ ಕಡೆಗೆ ಹೋಗಿ, ಕೊನೆಗೆ ಬೆರಳು ತೂರುವಷ್ಟು ಸಂದು ಉಳಿಯಿತು. ಎಷ್ಟು ಅಲುಗಿಸಿದರೂ ಹೋಗಲಿಲ್ಲ. ನಾನು ಬೋಲ್ಟ್ ಹಾಕಿ ಬಿಗಿಯೋಣ, ತಾನಾಗೇ ಎಳೆದುಕೊಳ್ಳುತ್ತದೆ ಅಂದೆ. ಭಾಯ್ "ತೊಂದರಪಡಕಣ್ಣಾ" ಅಂದರು. ತೆಲುಗಿನಲ್ಲಿ ತೊಂದರ ಅಂದರೆ ಅವಸರ, ನಮಗೆ ಕಷ್ಟ. ಕೋಲಾರದಲ್ಲಿ ಎರಡೂ ಒಂದೇ ಅಂತ ಅವತ್ತು ಗೊತ್ತಾಯಿತು. ನಾನು ಬಿಗಿದೆ. ನಾಲ್ಕು ಸುತ್ತು ಹೋಗಿರಬೇಕು, ತೆಂಗಿನಕಾಯಿ ಒಡೆದ ಹಾಗೆ ಒಂದು ಸದ್ದು. ಹೌಸಿಂಗ್‌ನ ಬಲಗಡೆಯ ಕಿವಿ ಮುರಿದು ನನ್ನ ಮೂಗಿನ ಪಕ್ಕ ಬಿತ್ತು.

ಇಳಿಸಿ ನೋಡಿದರೆ ಹೊಸ ಶಾಫ್ಟಿನ ಮೂತಿ ನನ್ನ ಎಂಜಿನ್ನಿನ ಪೈಲಟ್ ಬೇರಿಂಗ್ ತೂತಿಗಿಂತ ಒಂದು ಕೂದಲೆಳೆಯಷ್ಟು ದಪ್ಪ. ವರ್ನಿಯರ್ (ದಪ್ಪ ಅಳೆಯುವ ಸಾಧನ) ಹಿಡಿದಿದ್ದರೆ ಎರಡು ನಿಮಿಷದ ಕೆಲಸ.

ಹಾಗಾಗಿ ಈಗ ಯಾರಿಗಾದರೂ ಹೇಳುವುದು ಒಂದೇ. ಹಳೇ ಬಾಕ್ಸ್ ಇಳಿಸಿ, ಗೋಣಿಚೀಲ ಹಾಸಿ, ಎರಡನ್ನೂ ಅಕ್ಕಪಕ್ಕ ಮಲಗಿಸಿ. ವರ್ನಿಯರ್ ಇರಲಿ, ಟೇಪು ಇರಲಿ. ಹೌಸಿಂಗ್ ಮುಖದಿಂದ ಶಾಫ್ಟ್ ತುದಿಯವರೆಗಿನ ಉದ್ದ. ಮೂತಿಯ ದಪ್ಪ. ಸ್ಪ್ಲೈನ್ ಹಲ್ಲುಗಳ ಎಣಿಕೆ, ಸುಮ್ನೆ ಎಣಿಸಿದರೆ ಸಾಲದು, ಕ್ಲಚ್ ಪ್ಲೇಟನ್ನೇ ಹಾಕಿ ಜಾರಿಸಿ ನೋಡಿ. ಹೌಸಿಂಗ್ ಮುಖದಿಂದ ಹಿಂದಿನ ಫ್ಲ್ಯಾಂಜ್‌ವರೆಗೆ ಒಟ್ಟು ಉದ್ದ, ಯಾಕೆಂದರೆ ಪ್ರೊಪೆಲ್ಲರ್ ಶಾಫ್ಟ್, ಅಂದರೆ ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಶಾಫ್ಟ್, ಎಷ್ಟು ಉದ್ದ ಅನ್ನುವುದು ಅದರ ಮೇಲೇ ನಿಂತಿದೆ. ಫ್ಲ್ಯಾಂಜಿನ ತೂತುಗಳು. ಮೌಂಟ್ ಕೂರುವ ಜಾಗ. ಲಿವರ್ ಬರುವ ಜಾಗ. ಸ್ಪೀಡೊ ಮೀಟರ್ ಕೇಬಲ್ಲಾ, ಸೆನ್ಸರ್ರಾ, ಒಳಗಿನ ಪುಟ್ಟ ಗೇರಿಗೆ ಹಲ್ಲು ಎಷ್ಟು. ರಿವರ್ಸ್ ಲೈಟಿನ ಸ್ವಿಚ್. ಕ್ಲಚ್ಚಿನ ರಿಲೀಸ್ ಫೋರ್ಕ್ ಯಾವ ಕಡೆ. ಇದೆಲ್ಲ ಒಂದು ಗಂಟೆ ಹಿಡಿಯುತ್ತದೆ. ನಾನು ಆ ಒಂದು ಗಂಟೆ ಉಳಿಸಲು ಹೋಗಿ ನಾಲ್ಕು ದಿನ ಗಾಡಿ ನಿಲ್ಲಿಸಿದೆ.

4 ಗೇರಿನ ಹಳೇ ಗಾಡಿಗೆ 5 ಗೇರ್ ಬಾಕ್ಸ್ ಹಾಕಬಹುದಾ?

ಹಾಕಿದವರಿದ್ದಾರೆ. ಆದರೆ ಅದು ಬದಲಾಯಿಸುವ ಕೆಲಸ ಅಲ್ಲ, ಕಟ್ಟುವ ಕೆಲಸ. ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕು, ಬಾಕ್ಸಿನ ಕೆಳಗಿನ ಅಡ್ಡಪಟ್ಟಿ ಸರಿಸಬೇಕು, ಲಿವರ್‌ಗೆ ಕ್ಯಾಬಿನ್ ತಗಡಿನಲ್ಲಿ ತೂತು ಬದಲಾಯಿಸಬೇಕು. ದಿನಾ ದುಡಿಯುವ ಗಾಡಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ನಾವೇ ಇಳಿಸಬಹುದಾ? ಎಷ್ಟು ಹೊತ್ತು ಬೇಕು?

ಇಬ್ಬರಿದ್ದು, ಒಬ್ಬರಿಗಾದರೂ ಅನುಭವ ಇದ್ದರೆ ಒಂದು ದಿನ. ಮೊದಲ ಸಲ ಅಂದರೆ ಎರಡು ದಿನ ಇಟ್ಟುಕೊಳ್ಳಿ. ಗಾಡಿ ಕೆಳಗೆ ನಿಂತು ಕೆಲಸ ಮಾಡಲು ನೆಲದಲ್ಲಿ ತೋಡಿದ ಗುಂಡಿ ಇದ್ದರೆ ಅರ್ಧ ಕಷ್ಟ ಕಡಿಮೆ. ಗುಂಡಿ ಇಲ್ಲದಿದ್ದರೆ ಛಾಸಿಯನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ಮೇಲೆ, ಇಟ್ಟಿಗೆ ಮೇಲೆ, ಸೈಜುಗಲ್ಲಿನ ಮೇಲೆ ನಿಲ್ಲಿಸಿ ಕೆಳಗೆ ಹೋಗಬೇಡಿ. ಇಟ್ಟಿಗೆ ಪುಡಿಯಾಗುವ ಮುಂಚೆ ಹೇಳಿ ಪುಡಿಯಾಗುವುದಿಲ್ಲ. ಬಾಕ್ಸನ್ನು ಎದೆ ಮೇಲೆ ಇಳಿಸಿಕೊಳ್ಳುವ ಪೈಲ್ವಾನರು ಇದ್ದಾರೆ, 15 ಕೆಜಿಯ ಟೊಮೆಟೊ ಬಾಕ್ಸ್ ಮೂರು ಒಟ್ಟಿಗೆ ಎದೆ ಮೇಲೆ ಬಿದ್ದರೆ ಹೇಗಿರುತ್ತದೆ ಅಂತ ಊಹಿಸಿಕೊಳ್ಳಿ, ಅದೂ ಕಬ್ಬಿಣದ ಮೂಲೆ ಇರುವ ಬಾಕ್ಸು.

ಇಳಿಸುವ ಕ್ರಮ ಹೇಳಿ.

ಬ್ಯಾಟರಿ ಅರ್ಥ್ ವೈರ್ ಮೊದಲು ತೆಗೆಯಿರಿ. ಮರೆತರೆ ಸ್ಟಾರ್ಟರ್ ವೈರಿಗೆ ಪಾನಾ ತಾಗಿದಾಗ ನೆನಪಾಗುತ್ತದೆ.

ಎಣ್ಣೆ ಇಳಿಸುವ ಮುಂಚೆ ತುಂಬುವ ಬೋಲ್ಟ್ ಬಿಚ್ಚಿಕೊಳ್ಳಿ. ಕೆಳಗಿನದು ಬಿಚ್ಚಿ ಎಣ್ಣೆಯೆಲ್ಲ ಹೋದ ಮೇಲೆ ಮೇಲಿನದು ಜಾಮ್ ಆಗಿದೆ ಅಂತ ಗೊತ್ತಾದರೆ ಕಷ್ಟ. ಹೊಸದಾಗಿ ತಂದ ಬಾಕ್ಸಿಗೂ ಇದೇ ಮಾತು, ಎರಡೂ ಬೋಲ್ಟನ್ನು ಅದು ನೆಲದ ಮೇಲಿರುವಾಗಲೇ ಬಿಚ್ಚಿ ನೋಡಿ.

ಕ್ಯಾಬಿನ್ನಿಂದ ಗೇರ್ ಲಿವರ್ ತೆಗೆದು ತೂತಿಗೆ ಬಟ್ಟೆ ತುರುಕಿ. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುವ ಮುಂಚೆ ಎರಡೂ ಫ್ಲ್ಯಾಂಜಿಗೆ ಸೇರಿಸಿ ಪೇಂಟಿನ ಗೆರೆ ಎಳೆಯಿರಿ. ಅದೇ ಗೆರೆಗೆ ವಾಪಸ್ ಕೂರಿಸಿದರೆ ನಡುಕ ಬರುವುದಿಲ್ಲ. ಶಾಫ್ಟನ್ನು ತಂತಿಯಲ್ಲಿ ಕಟ್ಟಿ, ಕ್ರಾಸ್ (ಶಾಫ್ಟ್ ತುದಿಯ ಕೀಲು) ಮೇಲೆ ಜೋತು ಬೀಳಲು ಬಿಡಬೇಡಿ. ಸ್ಪೀಡೊ ಕೇಬಲ್, ರಿವರ್ಸ್ ಸ್ವಿಚ್ ವೈರ್. ಕ್ಲಚ್ಚಿನ ಚಿಕ್ಕ ಸಿಲಿಂಡರನ್ನು ಪೈಪ್ ಬಿಚ್ಚದೆ ಹಾಗೇ ಪಕ್ಕಕ್ಕೆ ಕಟ್ಟಿ, ಕ್ಲಚ್ ಪೆಡಲ್ ಮುಟ್ಟಬೇಡಿ ಅಂತ ಮನೆ ಮಕ್ಕಳಿಗೆ ಹೇಳಿ. ಅದನ್ನು ಒತ್ತಿದರೆ ಸಿಲಿಂಡರಿನ ಪಿಸ್ಟನ್ ಹೊರಗೆ ಹಾರಿ ಎಣ್ಣೆಯೆಲ್ಲ ನೆಲದ ಮೇಲೆ. ಆಮೇಲೆ ಸ್ಟಾರ್ಟರ್.

ಈಗ ಎಂಜಿನ್ ಚೇಂಬರಿನ (ತಳದ ಎಣ್ಣೆ ತೊಟ್ಟಿ) ಕೆಳಗೆ ಮರದ ಹಲಗೆ ಇಟ್ಟು ಒಂದು ಜಾಕ್, ಬಾಕ್ಸಿನ ಕೆಳಗೆ ಇನ್ನೊಂದು. ಅಡ್ಡಪಟ್ಟಿ ತೆಗೆದ ಕೂಡಲೇ ಎಂಜಿನ್ ಹಿಂದಕ್ಕೆ ವಾಲುತ್ತದೆ. ಒಬ್ಬರು ಬಾನೆಟ್ ಹತ್ತಿರ ನಿಂತು ಫ್ಯಾನು ರೇಡಿಯೇಟರಿಗೆ ತಾಗುತ್ತಿದೆಯಾ, ಹೋಸ್ ಎಳೆಯುತ್ತಿದೆಯಾ ನೋಡುತ್ತಿರಲಿ. ಸ್ವಲ್ಪ ವಾಲಿದರೆ ಒಳ್ಳೆಯದೇ, ಹೌಸಿಂಗ್ ಮೇಲಿನ ಬೋಲ್ಟುಗಳಿಗೆ ಉದ್ದನೆ ರಾಡ್ ಹಾಕಿದ ಸಾಕೆಟ್ ಆಗ ಸಿಗುತ್ತದೆ.

ಎಲ್ಲ ಬೋಲ್ಟ್ ಹೋದ ಮೇಲೆ ಬಾಕ್ಸನ್ನು ನೇರ ಹಿಂದಕ್ಕೆ ಎಳೆಯಿರಿ. ಶಾಫ್ಟ್ ಪೂರ್ತಿ ಹೊರಗೆ ಬರುವವರೆಗೆ ಕೆಳಗೆ ವಾಲಿಸಬೇಡಿ. ಬಾಕ್ಸಿನ ಭಾರ ಶಾಫ್ಟಿನ ಮೇಲೆ ಜೋತು ಬಿದ್ದರೆ ಕ್ಲಚ್ ಪ್ಲೇಟಿನ ನಡುಭಾಗ ಬಾಗುತ್ತದೆ.

ಟಾಟಾ 207 ಪಿಕಪ್ ಆದರೂ ಕ್ರಮ ಇದೇ, ಬೋಲ್ಟಿನ ಜಾಗ ಬೇರೆ.

ಕ್ಲಚ್ ಪ್ಲೇಟ್ ಇನ್ನೂ ಚೆನ್ನಾಗಿದೆ. ಅದನ್ನೂ ಬದಲಾಯಿಸಬೇಕಾ?

ಬಾಕ್ಸ್ ಇಳಿಸದೆ ಕೈ ಸಿಗದ ಎಲ್ಲವನ್ನೂ ಈಗಲೇ ನೋಡಿಬಿಡಿ. ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಎಂಜಿನ್ ಹಿಂದಿನ ಎಣ್ಣೆ ಸೀಲ್. ಪ್ಲೇಟ್ ಹೋದ ವರ್ಷವಷ್ಟೇ ಹಾಕಿದ್ದರೆ ಇರಲಿ. ಬೇರಿಂಗ್ ಎರಡು ಮತ್ತು ಸೀಲ್ ಮಾತ್ರ ಹೊಸದೇ ಹಾಕಿ, ಅದರಲ್ಲಿ ಚೌಕಾಸಿ ಬೇಡ. ಸೀಲ್ ಬಿಟ್ಟು ಏರಿಸಿದವರ ಪ್ಲೇಟ್ ತಿಂಗಳೊಳಗೆ ಎಣ್ಣೆಯಲ್ಲಿ ನೆಂದು ಜಾರಿದ್ದನ್ನು ನೋಡಿದ್ದೇನೆ.

ಫ್ಲೈವೀಲ್ (ಎಂಜಿನ್ ಹಿಂದಿನ ಭಾರದ ಚಕ್ರ) ಮುಖದ ಮೇಲೆ ನೀಲಿ ಮಚ್ಚೆ, ಕೂದಲಿನಂಥ ಬಿರುಕು ಇದ್ದರೆ ಲೇತ್‌ಗೆ ಕೊಟ್ಟು ಮುಖ ಹೊಡೆಸಿ. ಹೊಸ ಪ್ಲೇಟ್ ಹಾಕುವಾಗ ಯಾವ ಮುಖ ಫ್ಲೈವೀಲ್ ಕಡೆ ಅಂತ ಅದರ ಮೇಲೇ ಬರೆದಿರುತ್ತದೆ, ಓದಿ. ಪ್ಲೇಟ್ ನಡುವಿಗೆ ನಿಲ್ಲಿಸಲು ಹಳೇ ಬಾಕ್ಸಿನ ಶಾಫ್ಟ್ ಸಿಕ್ಕರೆ ಸರಿ, ಇಲ್ಲದಿದ್ದರೆ ಲೇತಿನವರ ಹತ್ತಿರ ಮರದ ಕೋಲು ಕಡೆಸಿಕೊಳ್ಳಿ. ಪ್ರೆಶರ್ ಪ್ಲೇಟ್ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಸ್ಪ್ಲೈನ್‌ಗೆ ಗ್ರೀಸ್ ಅಂದರೆ ದೋಸೆ ಕಾವಲಿಗೆ ಎಣ್ಣೆ ಸವರುವಷ್ಟು. ಜಾಸ್ತಿಯಾದರೆ ಪ್ಲೇಟಿಗೆ ಹಾರುತ್ತದೆ.

ಪೈಲಟ್ ಬೇರಿಂಗ್ ಹೊರಗೆ ಬರುತ್ತಿಲ್ಲ.

ಪುಲ್ಲರ್ ಇಲ್ಲದಿದ್ದರೆ ಹಳೇ ಉಪಾಯ ಒಂದಿದೆ. ಬೇರಿಂಗ್ ತೂತಿನೊಳಗೆ ನೆನೆಸಿದ ಪೇಪರ್ ಉಂಡೆ ತುರುಕಿ. ತೂತಿಗೆ ಸರಿಯಾಗಿ ಕೂರುವ ಕಬ್ಬಿಣದ ಸರಳು ಇಟ್ಟು ಸುತ್ತಿಗೆಯಿಂದ ಹೊಡೆಯಿರಿ. ಮತ್ತೆ ಪೇಪರ್, ಮತ್ತೆ ಏಟು. ಪೇಪರಿಗೆ ಹಿಂದೆ ಹೋಗಲು ಜಾಗ ಇಲ್ಲದೆ ಬೇರಿಂಗನ್ನೇ ಹೊರಗೆ ತಳ್ಳುತ್ತದೆ. ನನ್ನದು ಅರ್ಧ ದಿನಪತ್ರಿಕೆಗೆ ಬಂತು, ರಾಶಿ ಭವಿಷ್ಯದ ಪುಟ. ಗ್ರೀಸಿನಲ್ಲೂ ಮಾಡುತ್ತಾರೆ, ಮುಖಕ್ಕೆಲ್ಲ ಹಾರುತ್ತದೆ.

ಏರಿಸುವಾಗ ಕೊನೇ ಅರ್ಧ ಇಂಚು ಹೋಗುತ್ತಿಲ್ಲ.

ಬೋಲ್ಟಿನಿಂದ ಎಳೆಯಬೇಡಿ. ನನ್ನ ಮೂಗಿನ ಪಕ್ಕ ಬಿದ್ದ ಕಿವಿ ನೆನಪಿರಲಿ.

ಬಾಕ್ಸನ್ನು ನಾಲ್ಕನೇ ಗೇರಿನಲ್ಲಿಡಿ. ಹಿಂದಿನ ಫ್ಲ್ಯಾಂಜನ್ನು ಕೈಯಲ್ಲಿ ನಿಧಾನ ತಿರುಗಿಸುತ್ತಾ ಮುಂದಕ್ಕೆ ತಳ್ಳಿ, ಸ್ಪ್ಲೈನ್ ಹಲ್ಲು ಹಲ್ಲಿಗೆ ಸಿಕ್ಕಿದ್ದು ಕೈಗೇ ಗೊತ್ತಾಗುತ್ತದೆ. ಆಮೇಲೂ ಸಂದು ಉಳಿದರೆ ಬಾಕ್ಸ್ ಓರೆಯಾಗಿದೆ. ಹೌಸಿಂಗ್ ಸುತ್ತ ಸಂದು ಮೇಲೆ ಕೆಳಗೆ ಒಂದೇ ಸಮ ಇದೆಯಾ ನೋಡಿ ಜಾಕ್ ಏರಿಸಿ ಇಳಿಸಿ. ಹಾಗೂ ಆಗದಿದ್ದರೆ ಪ್ಲೇಟ್ ನಡುವಿನಲ್ಲಿಲ್ಲ, ಇಲ್ಲವೇ ಮೂತಿ ಅಳತೆ ತಪ್ಪಿದೆ. ಇಳಿಸಿ ನೋಡಿ.

ಭಾಯ್ ಈಗ ಮಾಡುವ ಕೆಲಸ ಇದು: ಎರಡು ಉದ್ದನೆ ಬೋಲ್ಟಿನ ತಲೆ ಕತ್ತರಿಸಿ, ತುದಿಯಲ್ಲಿ ಸ್ಕ್ರೂಡ್ರೈವರಿಗೆ ಒಂದು ಗೀರು ಹಾಕಿ, ಎಂಜಿನ್ನಿನ ಎರಡು ಬದಿಯ ತೂತಿಗೆ ಮೊದಲೇ ತಿರುಪುತ್ತಾರೆ. ಬಾಕ್ಸ್ ಆ ಎರಡು ಸರಳಿನ ಮೇಲೆ ಹಳಿ ಮೇಲಿನ ರೈಲಿನ ಹಾಗೆ ನೇರ ಹೋಗುತ್ತದೆ. ಉಳಿದ ಬೋಲ್ಟ್ ಹಾಕಿದ ಮೇಲೆ ಈ ಎರಡನ್ನು ಬಿಚ್ಚಿ ಸರಿಯಾದದ್ದು ಹಾಕುವುದು. ಎರಡನೇ ಬಾಕ್ಸ್ ಹೀಗೇ ಏರಿತು, ಚಹಾ ಆರುವ ಮುಂಚೆ.

ಎಣ್ಣೆ ಯಾವುದು, ಎಷ್ಟು?

ನಿಮ್ಮ ಗಾಡಿಯ ಪುಸ್ತಕದಲ್ಲಿ ಬರೆದಿದ್ದೇ ಹಾಕಿ. ಈ ವಯಸ್ಸಿನ ಪಿಕಪ್‌ಗಳಿಗೆ ಸಾಮಾನ್ಯವಾಗಿ 80 ಡಬ್ಲ್ಯು 90 ದಪ್ಪದ, ಜಿಎಲ್ 4 ದರ್ಜೆಯ ಗೇರ್ ಎಣ್ಣೆ. ಹಿಂದಿನ ಆಕ್ಸಲ್ಲಿಗೆ ಹಾಕುವ ಜಿಎಲ್ 5 ಡಬ್ಬಿ ಮಿಕ್ಕಿದೆ ಅಂತ ಅದನ್ನೇ ಬಾಕ್ಸಿಗೆ ಸುರಿಯಬೇಡಿ. ಕೆಲವು ಜಿಎಲ್ 5 ಎಣ್ಣೆಯಲ್ಲಿರುವ ಗಂಧಕದ ಅಂಶ ಹಿತ್ತಾಳೆ ಸಿಂಕ್ರೊ ರಿಂಗನ್ನು ತಿನ್ನುತ್ತದೆ, ಜೊತೆಗೆ ಅತಿ ಜಾರಿಕೆಯಿಂದ ಸಿಂಕ್ರೊ ಸರಿಯಾಗಿ ಹಿಡಿಯುವುದಿಲ್ಲ.

ಅಳತೆಗೆ ಬೆರಳೇ ಸಾಕು. ಗಾಡಿ ಸಮತಟ್ಟಾಗಿ ನಿಂತಿರಬೇಕು, ತುಂಬುವ ತೂತಿನ ಕೆಳ ಅಂಚಿನಿಂದ ಎಣ್ಣೆ ತೊಟ್ಟಿಕ್ಕಿದರೆ ಭರ್ತಿ. ಮೇಲಿರುವ ಗಾಳಿ ಕೊಳವೆಯಲ್ಲಿ ಮಣ್ಣು ಕಟ್ಟಿದ್ದರೆ ಬಿಡಿಸಿ. ಅದು ಮುಚ್ಚಿದ್ದರೆ ಬಿಸಿಯಾದ ಬಾಕ್ಸ್ ಸೀಲಿನ ಕಡೆಯಿಂದ ಎಣ್ಣೆ ಉಗುಳುತ್ತದೆ, ನೀವು ಸೀಲ್ ಬದಲಾಯಿಸುತ್ತಲೇ ಇರುತ್ತೀರಿ.

ಏರಿಸಿ ಆಯಿತು. ಈಗ ಗಾಡಿ ನಡುಗುತ್ತದೆ, ಅಥವಾ ಗೇರ್ ಬೀಳುತ್ತಿಲ್ಲ.

ಗೇರ್ ಬೀಳದಿದ್ದರೆ ಕ್ಲಚ್ ಪೈಪಿನ ಗಾಳಿ ತೆಗೆಯಿರಿ. ಎಂಜಿನ್ ಆಫ್ ಇದ್ದಾಗ ಸಲೀಸಾಗಿ ಬಿದ್ದು, ಓಡುವಾಗ ಬೀಳದಿದ್ದರೆ ಖಂಡಿತ ಕ್ಲಚ್ ಕಡೆಯದೇ. ವೇಗ ಹೆಚ್ಚಿದಾಗ ನಡುಗಿದರೆ ಪ್ರೊಪೆಲ್ಲರ್ ಶಾಫ್ಟಿನ ಗೆರೆ ತಪ್ಪಿಸಿದ್ದೀರಿ, ಇಲ್ಲವೇ ಆ ಶಾಫ್ಟನ್ನು ನಡುವೆ ಹಿಡಿಯುವ ಸೆಂಟರ್ ಬೇರಿಂಗ್ ರಬ್ಬರ್ ಹರಿದಿದೆ. ರಿವರ್ಸ್ ಲೈಟ್ ಉರಿಯದಿದ್ದರೆ ವೈರ್ ಹಾಕಲು ಮರೆತಿದ್ದೀರಿ. ನಾನು ಎರಡೂ ಸಲ ಮರೆತೆ.

ಆರ್‌ಟಿಒಗೆ ಹೇಳಬೇಕಾ?

ಆರ್‌ಸಿಯಲ್ಲಿ ಎಂಜಿನ್ ನಂಬರ್, ಛಾಸಿ ನಂಬರ್ ಇರುತ್ತದೆ. ಗೇರ್‌ಬಾಕ್ಸ್ ನಂಬರಿಗೆ ಜಾಗವೇ ಇಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಹೇಳುವುದು ಆರ್‌ಸಿಯ ವಿವರ ಬದಲಾಗುವಂಥ ಮಾರ್ಪಾಡಿನ ಬಗ್ಗೆ. ಅದೇ ಥರದ ಬಾಕ್ಸ್ ಹಾಕಿದರೆ ಆ ಮಾತು ಬರುವುದಿಲ್ಲ. ಬಾಡಿಗೆ ಗಾಡಿಗೆ 8 ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಅಲ್ಲಿ ಸ್ಪೀಡೊ ಮೀಟರ್ ಆಡುತ್ತಿರಬೇಕು. ಆ ಪುಟ್ಟ ಗೇರಿನ ಹಲ್ಲು ಎಣಿಸಿ ಅಂದಿದ್ದು ಅದಕ್ಕೂ ಸೇರಿ. ಗುಜರಿ ಬಿಲ್ ಮಾತ್ರ ಜೋಪಾನ, ಕದ್ದ ಗಾಡಿಯ ಸಾಮಾನು ಅಂತ ನಾಳೆ ಯಾರಾದರೂ ಕೇಳಿದರೆ ತೋರಿಸಲು ಅದೊಂದೇ ಆಧಾರ.

ಒಟ್ಟು ಖರ್ಚು ಎಷ್ಟು?

ಗುಜರಿಯಲ್ಲಿ ಬೆಳಗ್ಗೆ ಒಂದು ರೇಟು, ಸಂಜೆ ಒಂದು. ನಾನು ಅಂಕಿ ಬರೆದರೆ ನೀವು ಅದನ್ನು ಅಂಗಡಿಯಲ್ಲಿ ತೋರಿಸಿ ಜಗಳ ಆಡುತ್ತೀರಿ. ಬಾಕ್ಸ್ ಬೆಲೆಯ ಜೊತೆಗೆ ಕ್ಲಚ್ ಸೆಟ್, ಬೇರಿಂಗ್, ಸೀಲು, ಎಣ್ಣೆ, ಮೌಂಟ್ ರಬ್ಬರ್, ಲೇತ್ ಕೆಲಸ, ಕೂಲಿ ಸೇರಿಸಿ. ಜನ ಬಿಡುವ ಲೆಕ್ಕ ಯಾವುದೆಂದರೆ ಗಾಡಿ ನಿಂತ ದಿನಗಳದು. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತಲ್ಲ, ಅಂಥ ವಾರದಲ್ಲಿ ಗಾಡಿ ಗುಂಡಿ ಮೇಲೆ ನಿಂತಿದ್ದರೆ ಗೇರ್‌ಬಾಕ್ಸ್ ಬೆಲೆ ಯಾವ ಲೆಕ್ಕ. ಸೀಸನ್ ಶುರುವಾಗುವ ಮುಂಚೆ, ಏಪ್ರಿಲ್ ಹೊತ್ತಿಗೇ ಈ ಕೆಲಸ ಮುಗಿಸಿಕೊಳ್ಳಿ.

ಎಷ್ಟು ದಿನ ಲೋಡ್ ಹಾಕಬಾರದು?

ಮೊದಲ ದಿನ ಖಾಲಿ ಗಾಡಿ, 20 ಕಿಲೋಮೀಟರ್ ಹೋಗಿ ನಿಲ್ಲಿಸಿ, ಕೆಳಗೆ ಬಗ್ಗಿ ಎಣ್ಣೆ ಸೋರುತ್ತಿದೆಯಾ ನೋಡಿ, ಬೋಲ್ಟು ಮುಟ್ಟಿ ನೋಡಿ. ಹೊಸ ಕ್ಲಚ್ ಪ್ಲೇಟ್ ಇದ್ದರೆ 500 ಕಿಲೋಮೀಟರ್‌ವರೆಗೆ ಅರ್ಧ ಲೋಡ್. ಗುಜರಿ ಬಾಕ್ಸ್ ಆದರೆ 1000 ಕಿಲೋಮೀಟರಿಗೆ ಎಣ್ಣೆ ಇಳಿಸಿ ಇನ್ನೊಮ್ಮೆ ಉಗುರಿನ ಮೇಲೆ ಉಜ್ಜಿ ನೋಡಿ.

ಹಳೇ ಬಾಕ್ಸ್ ಏನು ಮಾಡಲಿ?

ತಿಂಗಳು ಕಳೆಯುವವರೆಗೆ ಮಾರಬೇಡಿ. ಹೊಸದು ಕೈಕೊಟ್ಟರೆ ಅಳತೆಗೆ, ಬಿಡಿಭಾಗಕ್ಕೆ ಅದೇ ಬೇಕು. ಆಮೇಲೂ ತೂಕಕ್ಕೆ ಹಾಕುವ ಮುಂಚೆ ಮೇಲಿನ ಕವರ್, ಲಿವರ್, ಫ್ಲ್ಯಾಂಜ್, ರಿವರ್ಸ್ ಸ್ವಿಚ್, ಸ್ಪೀಡೊ ಗೇರ್ ಬಿಚ್ಚಿಟ್ಟುಕೊಳ್ಳಿ. ನಾನು ಕಿವಿ ಮುರಿದ ಬಾಕ್ಸಿನ ಒಳಗಿನ ಗೇರುಗಳೆಲ್ಲ ಚೆನ್ನಾಗಿದ್ದವು. ಬಂಗಾರಪೇಟೆ ಕಡೆಯವರೊಬ್ಬರು ಬಂದು ತಮ್ಮ ಶಾಫ್ಟ್ ಪಕ್ಕ ಇಟ್ಟು, ವರ್ನಿಯರ್ ಹಿಡಿದು ಮೂರು ಸಲ ಅಳೆದು, ತಗೊಂಡು ಹೋದರು.